ಚಿತ್ರಗಾರ ವೆಂಕಟಪ್ಪನವರೂ ನೀಲಿಯ ಪುಟವೂ

ಕನ್ನಡ ನಾಡಿನ ಕಲಾಚರಿತ್ರೆಯಲ್ಲಿ ಕೆ. ವೆಂಕಟಪ್ಪನವರ ಹೆಸರು ಚಿರಸ್ಮರಣೀಯವಾದುದು. ಅವರು 1886ರಲ್ಲಿ ಮೈಸೂರಿನಲ್ಲಿ ಜನಿಸಿದರು. ಅವರದು ಅರಮನೆಯ ಆಶ್ರಯದಲ್ಲಿದ್ದ ಚಿತ್ರಗಾರರ ಮನೆತನ. ಅಂತಹ ಮನೆಗಳಲ್ಲಿ ಬಣ್ಣವನ್ನು ಅರೆಯುವುದು, ಸೋಸುವುದು, ಅಂಟು ಬೆರೆಸುವುದು, ಇವೆಲ್ಲ ಅಕ್ಷರಾಭ್ಯಾಸಕ್ಕಿಂತ ಮೊದಲೇ ಕಣ್ಣಿಗೆ ಬೀಳುವ ವಿದ್ಯೆಗಳು.

ನಾನು ಈ ಮಹನೀಯರ ಚರಿತ್ರೆಯನ್ನು ಅರಸಿಕೊಂಡು ಹೋದುದಕ್ಕೆ ಕಾರಣವುಂಟು. ದಿಗ್ಗೇವಾಡಿಯ ನನ್ನ ಗೆಳತಿಯೊಬ್ಬಳು ಚಿತ್ರ ಬರೆಯುವುದರಲ್ಲಿ ಬಲು ಜಾಣೆ. ಪಿ.ಯು.ಸಿ. ಮುಗಿಯುತ್ತಲೇ ಅವಳಿಗೆ ಮದುವೆಯಾಯಿತು. ಅಥಣಿಯ ಕಡೆಗೆ ನಡೆದಳು. ಕುಂಚ ಮಾತ್ರ ತವರುಮನೆಯ ಮಾಡದಲ್ಲಿಯೇ ಉಳಿಯಿತು. ನಾನಾದರೋ ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲನೆಯವಳು. ಅವಳ ಕೈ ಬಣ್ಣವನ್ನು ಮರೆಯದಿರಲೆಂದು ಒಂದು ವಹಿಯನ್ನು ಮಾಡತೊಡಗಿದೆನು. ಪುಟಕ್ಕೊಂದು ಬಣ್ಣ. ಹಳದಿಯ ಪುಟಕ್ಕೆ ನಮ್ಮ ಹೊಲದ ಅರಿಷಿಣದ ನೀರು ಬಳಿದು ಸೇವಂತಿಗೆಯ ಒಣ ಎಸಳು ಅಂಟಿಸಿದೆ. ಕೆಂಪಿಗೆ ಕುಂಕುಮವೂ ಅವಳದೇ ಲಗ್ನಪತ್ರಿಕೆಯ ತುಂಡೂ ಒದಗಿದವು. ಹಸಿರಿಗೆ ಇಳಕಲ್ ಸೀರೆಯ ಚೂರು, ಕಬ್ಬಿನ ಗರಿ. ನೀಲಿಯ ಪುಟಕ್ಕೆ ಬಂದಾಗ ಕೈ ನಿಂತಿತು. ನಮ್ಮ ಹೊಲಗಳಲ್ಲಿ ನೀಲಿ ಬೆಳೆಯುವುದಿಲ್ಲ. ನೀಲಿಯನ್ನು ಬಲ್ಲವರು ಯಾರೆಂದು ಗ್ರಂಥಾಲಯದಲ್ಲಿ ಹುಡುಕುತ್ತಿರುವಾಗ ವೆಂಕಟಪ್ಪನವರು ನನಗೆ ದೊರೆತರು.

ಬಾಲಕನ ಪ್ರತಿಭೆಯನ್ನು ಗುರುತಿಸಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಪ್ರಭುಗಳ ನೆರವಿನಿಂದ ವೆಂಕಟಪ್ಪನವರು 1909ರಲ್ಲಿ ಕಲಕತ್ತೆಯ ಸರಕಾರಿ ಕಲಾಶಾಲೆಯನ್ನು ಸೇರಿದರು. ಅಲ್ಲಿ ಅವನೀಂದ್ರನಾಥ ಠಾಕೂರರು ಅವರಿಗೆ ಗುರುಗಳಾದರು. ನಂದಲಾಲ ಬೋಸರು ಸಹಪಾಠಿಗಳಾಗಿದ್ದರು. ತಿಳಿಬಣ್ಣವನ್ನು ಹಚ್ಚಿ, ಕಾಗದವನ್ನು ನೀರಿನಲ್ಲಿ ತೋಯಿಸಿ, ಒಣಗಿಸಿ, ಮತ್ತೆ ಹಚ್ಚಿ, ಹೀಗೆ ಪದರದ ಮೇಲೆ ಪದರವನ್ನು ಏರಿಸುವ ಪದ್ಧತಿಯು ಆ ಗುರುಕುಲದ ವೈಶಿಷ್ಟ್ಯವಾಗಿದ್ದಿತು. ಇದರಲ್ಲಿ ಅವಸರಕ್ಕೆ ಎಡೆಯಿಲ್ಲ. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರು ರಚಿಸಿ 1913ರಲ್ಲಿ ಪ್ರಕಟವಾದ ಹಿಂದೂ-ಬೌದ್ಧ ಪುರಾಣಕಥೆಗಳ ಗ್ರಂಥಕ್ಕೆ ವೆಂಕಟಪ್ಪನವರು ರಾಮಾಯಣದ ಚಿತ್ರಗಳನ್ನು ಬರೆದುಕೊಟ್ಟರು.

ಅದೇ ಕಾಲದಲ್ಲಿ ಹೆರಿಂಗ್‌ಹ್ಯಾಮ್ ಎಂಬ ಆಂಗ್ಲ ಮಹಿಳೆಯು ಅಜಂತೆಯ ಭಿತ್ತಿಚಿತ್ರಗಳ ಪ್ರತಿ ತೆಗೆಯಲು ಬಂದಳು. ಆಕೆಗೆ ನೆರವಾದ ತರುಣರಲ್ಲಿ ನಂದಲಾಲರೊಡನೆ ವೆಂಕಟಪ್ಪನವರೂ ಇದ್ದರು. ಅಜಂತೆಯ ಕೆಂಪು, ಹಳದಿಗಳು ಕಾವಿಮಣ್ಣಿನಿಂದ ಬಂದವು. ಕಪ್ಪು ದೀಪದ ಕಾಡಿಗೆಯಿಂದ, ಬಿಳುಪು ಸುಣ್ಣದಿಂದ. ನೀಲಿಯೊಂದು ಮಾತ್ರ ದೂರದ ಅತಿಥಿ. ಅದು ಅಫಘಾನಿಸ್ತಾನದ ಬೆಟ್ಟಗಳ ನೀಲಶಿಲೆಯನ್ನು ಅರೆದು ಮಾಡಿದ ಬಣ್ಣ. ಇದನ್ನು ಓದಿದಾಗ ನಮ್ಮ ಹೊಲದ ಬಡತನವು ನನಗೆ ಬಡತನವಾಗಿ ತೋರಲಿಲ್ಲ. ಗುಹೆಯ ಚಿತ್ರಗಾರರೂ ನೀಲಿಯನ್ನು ಹೊರಗಿನಿಂದಲೇ ತರಬೇಕಾಗಿದ್ದಿತು.

1916ರಲ್ಲಿ ವೆಂಕಟಪ್ಪನವರು ಮೈಸೂರಿಗೆ ಮರಳಿದರು. ಅಲ್ಲಿ ವೀಣೆ ಶೇಷಣ್ಣನವರಲ್ಲಿ ವೀಣೆಯನ್ನು ಕಲಿಯತೊಡಗಿದರು. ಆ ನಾದವು ಅವರನ್ನು ಎಷ್ಟರಮಟ್ಟಿಗೆ ಸೆಳೆಯಿತೆಂದರೆ, ಕುಂಚಕ್ಕೂ ತಂತಿಗೂ ನಡುವಿನ ಜಗ್ಗಾಟವೇ ಒಂದು ಚಿತ್ರಕ್ಕೆ ವಸ್ತುವಾಯಿತು. ಅವರು ವಿವಾಹವಾಗಲಿಲ್ಲ. ಅವರದು ವ್ರತಸ್ಥನ ಬಾಳು. ದಿನಚರಿ ಬರೆದಿಡುವ ಅಭ್ಯಾಸವೂ ಇದ್ದಿತು.

ಇನ್ನು ನಾನು ಅರಸುತ್ತಿದ್ದ ನೀಲಿಯ ವಿಚಾರ. ಉದಕಮಂಡಲ, ಕೊಡೈಕನಾಲುಗಳಲ್ಲಿ ಕುಳಿತು ವೆಂಕಟಪ್ಪನವರು ಬರೆದ ಜಲವರ್ಣದ ಭೂದೃಶ್ಯಗಳು ಅವರ ಕೀರ್ತಿಗೆ ಕಳಶವಿಟ್ಟವು. ಸೂರ್ಯಾಸ್ತ, ಚಂದ್ರೋದಯ, ಕಣಿವೆಯಿಂದೇಳುವ ಮಂಜು ಅವರ ವಸ್ತುಗಳು. ಹತ್ತಿರದಲ್ಲಿ ಹಸಿರಾದ ಬೆಟ್ಟವು ದೂರ ಸರಿದಂತೆ ನೀಲಿಯಾಗುತ್ತದೆ. ನಡುವಣ ಗಾಳಿಯು ಬೆಳಕಿನಲ್ಲಿಯ ನೀಲಿಯನ್ನು ಉಳಿದ ಬಣ್ಣಗಳಿಗಿಂತ ಹೆಚ್ಚಾಗಿ ಚದರಿಸುವುದೇ ಇದಕ್ಕೆ ಕಾರಣವೆಂದು ವಿಜ್ಞಾನಿಗಳು ತಿಳಿಸಿದ್ದಾರೆ. ಹಾಗಾದರೆ ನೀಲಿಯೆಂದರೆ ದೂರದ ಬಣ್ಣ! ಇದು ಹೊಳೆದೊಡನೆ ನನ್ನ ಪುಟಕ್ಕೆ ಏನು ಬೇಕೆಂಬುದು ತಿಳಿಯಿತು. ಮಸಿಯ ನೀಲಿಯನ್ನು ನೀರಿನಲ್ಲಿ ತೆಳುಮಾಡಿ, ದಿಗ್ಗೇವಾಡಿಯಿಂದ ಅಥಣಿಯವರೆಗಿನ ದಾರಿಯನ್ನು ಪಟ್ಟಿಪಟ್ಟಿಯಾಗಿ ಬಳಿದೆನು. ದೂರವಾದಂತೆ ಬಣ್ಣ ತೆಳುವಾಗುತ್ತದೆ. ಕಡೆಯ ಪಟ್ಟಿಯ ಮೇಲೆ ಅವಳು ಕಳುಹಿಸಿದ್ದ ಒಂದು ಲಕೋಟೆಯ ಅಂಚಿಯ ಚೀಟಿಯನ್ನು ಅಂಟಿಸಿದೆನು.

ವೆಂಕಟಪ್ಪನವರು ಬಣ್ಣವನ್ನೇ ತೊರೆದು ಬಿಳಿಯ ಪ್ಲಾಸ್ಟರಿನಲ್ಲಿ ಉಬ್ಬುಶಿಲ್ಪಗಳನ್ನೂ ರಚಿಸಿದರು. ಶಕುಂತಲೆಯು ಪತಿಗೃಹಕ್ಕೆ ಹೊರಡುವ ಶಿಲ್ಪವು ಅವುಗಳಲ್ಲಿ ಒಂದು. ಅದರ ವಸ್ತುವನ್ನು ಓದಿದಾಗ ನನಗೆ ನೆನಪಾದವಳು ಯಾರೆಂದು ಹೇಳಬೇಕಾಗಿಲ್ಲ. 1940ರಲ್ಲಿ ನಾಲ್ವಡಿಯವರು ಕಾಲವಾದರು. ಅರಮನೆಗಾಗಿ ಕೈಗೊಂಡಿದ್ದ ಶಿಲ್ಪಗಳ ಕೆಲಸವೂ ಅಲ್ಲಿಗೆ ನಿಂತಿತು. ತರುವಾಯದ ಬಾಳನ್ನು ಅವರು ಬೆಂಗಳೂರಿನಲ್ಲಿ ಕಳೆದರು. 1962ರಲ್ಲಿ ಕೇಂದ್ರ ಲಲಿತಕಲಾ ಅಕಾಡೆಮಿಯು ಅವರಿಗೆ ತನ್ನ ಫೆಲೋಷಿಪ್ ನೀಡಿ ಗೌರವಿಸಿತು. 1965ರಲ್ಲಿ ಅವರು ದಿವಂಗತರಾದರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆಯಿದೆ.

ಅವರಿಗೆ ಪ್ರಭುಗಳ ಆಶ್ರಯವಿದ್ದಿತು, ಏಕಾಂತವಿದ್ದಿತು. ಅತ್ತೆ, ಮಾವ, ಒಲೆ, ದನ, ಎಳೆಯ ಕೂಸು ಇವುಗಳ ನಡುವೆ ಇರುವ ನನ್ನ ಗೆಳತಿಗೆ ಅವೆರಡೂ ಇಲ್ಲ. ಹಾಗೆಂದು ಕುಂಚವನ್ನು ಕೆಳಗಿಡಬೇಕೆ? ಅಜಂತೆಯಲ್ಲಿ ವೆಂಕಟಪ್ಪನವರ ಒಡನಾಡಿಗಳಾಗಿದ್ದ ನಂದಲಾಲರು ಅಂಚೆಕಾರ್ಡುಗಳ ಮೇಲೆ ಪುಟ್ಟ ಚಿತ್ರಗಳನ್ನು ಬರೆದು ಗೆಳೆಯರಿಗೂ ಶಿಷ್ಯರಿಗೂ ಕಳುಹಿಸುತ್ತಿದ್ದರು. ಒಂದು ಕಾರ್ಡಿನಷ್ಟು ಸ್ಥಳ, ಕೂಸು ಮಲಗಿದ ಅರ್ಧ ಗಳಿಗೆಯಷ್ಟು ಹೊತ್ತು, ಒಂದೇ ಒಂದು ಬಣ್ಣ: ಇಷ್ಟನ್ನು ಯಾವ ಮನೆಯೂ ಕೊಡಬಲ್ಲದು. ಆದುದರಿಂದ ವಹಿಯಲ್ಲಿ ನೀಲಿಯ ಎದುರು ಪುಟವನ್ನು ಬರಿದಾಗಿಯೇ ಬಿಟ್ಟಿದ್ದೇನೆ. ವಹಿಯೊಡನೆ ಒಂದು ಕುಂಚವನ್ನೂ ಕಟ್ಟಿ ಕಳುಹಿಸುವೆನು. ಆ ಪುಟಕ್ಕೆ ಯಾವ ಬಣ್ಣವೆಂಬುದನ್ನು ಅವಳೇ ನಿಶ್ಚಯಿಸಲಿ.