ವಾಲ್ಟರ್ ಶ್ವೀಗರ್

ವಾಲ್ಟರ್ ಶ್ವೀಗರ್ (7 ಏಪ್ರಿಲ್ 1885 – 5 ಸೆಪ್ಟೆಂಬರ್ 1917) ಒಂದನೆಯ ಮಹಾಯುದ್ಧ ಕಾಲದ ಜರ್ಮನ್ ನೌಕಾಪಡೆಯ ಅಧಿಕಾರಿ ಮತ್ತು ಜಲಾಂತರ್ಗಾಮಿ ನೌಕೆಯ ನಾಯಕ. 1915ರ ಮೇ 7ರಂದು ಐರ್ಲೆಂಡಿನ ದಕ್ಷಿಣ ಕರಾವಳಿಯ ಬಳಿ ಬ್ರಿಟನ್ನಿನ ಪ್ರಯಾಣಿಕ ಹಡಗು ಲುಸಿಟಾನಿಯವನ್ನು ಮುಳುಗಿಸಿದ ಯು-20 ನೌಕೆ ಈತನ ಅಧೀನದಲ್ಲಿತ್ತು. ಆ ದುರಂತದಲ್ಲಿ ಸುಮಾರು 1,200 ಜನ ಸತ್ತರು. ಯುದ್ಧದ ಅವಧಿಯಲ್ಲಿ ಶ್ವೀಗರ್ 49 ಹಡಗುಗಳನ್ನು ಮುಳುಗಿಸಿದನೆಂದು ಲೆಕ್ಕ ಹಾಕಲಾಗಿದೆ. ಅವುಗಳ ಒಟ್ಟು ಗಾತ್ರ ಸುಮಾರು 1,83,000 ಟನ್. ಆ ಯುದ್ಧದ ಅತ್ಯಂತ ಯಶಸ್ವಿ ಜಲಾಂತರ್ಗಾಮಿ ನಾಯಕರಲ್ಲಿ ಈತ ಒಬ್ಬನೆಂದು ಗಣನೆಗೆ ಬರುತ್ತಾನೆ. ಈತನ ನೌಕೆಯ ಯುದ್ಧ ದಿನಚರಿ ಲುಸಿಟಾನಿಯದ ಮುಳುಗಡೆಯನ್ನು ಕುರಿತ ಅತಿ ಮುಖ್ಯ ಮೂಲ ದಾಖಲೆಗಳಲ್ಲಿ ಒಂದು. ಅದೇ ಸಮಯದಲ್ಲಿ ಅದು ಹೆಚ್ಚು ವಿವಾದಕ್ಕೆ ಒಳಗಾದ ದಾಖಲೆಯೂ ಹೌದು.

ಆರಂಭಿಕ ಜೀವನ

ಶ್ವೀಗರ್ ಬರ್ಲಿನ್ ನಗರದಲ್ಲಿ ಜನಿಸಿದ. 1903ರಲ್ಲಿ ಜರ್ಮನ್ ಸಾಮ್ರಾಜ್ಯದ ನೌಕಾಪಡೆಗೆ ತರಬೇತಿ ಅಭ್ಯರ್ಥಿಯಾಗಿ ಸೇರಿದ. ಮೊದಲ ವರ್ಷಗಳಲ್ಲಿ ಟಾರ್ಪಿಡೊ ದೋಣಿಗಳಲ್ಲಿ ಕೆಲಸ ಮಾಡಿ, 1911ರಲ್ಲಿ ಜಲಾಂತರ್ಗಾಮಿ ವಿಭಾಗಕ್ಕೆ ವರ್ಗವಾದ. ಆ ಕಾಲಕ್ಕೆ ಜಲಾಂತರ್ಗಾಮಿ ನೌಕೆ ಇನ್ನೂ ಹೊಸ ಸಾಧನ. ಅದರ ಉಪಯೋಗದ ಬಗ್ಗೆ ನೌಕಾಧಿಕಾರಿಗಳಲ್ಲೇ ಒಮ್ಮತವಿರಲಿಲ್ಲ. 1914ರ ಆಗಸ್ಟ್ ತಿಂಗಳಲ್ಲಿ ಯುದ್ಧ ಆರಂಭವಾದಾಗ ಈತ ಯು-14 ನೌಕೆಯ ನಾಯಕನಾಗಿದ್ದ. ಅದೇ ವರ್ಷದ ಡಿಸೆಂಬರಿನಲ್ಲಿ ಯು-20 ನೌಕೆಯ ಹೊಣೆ ಈತನಿಗೆ ಬಂತು.

ಯು-20 ನೌಕೆ

ಡಾನ್‌ಜಿಗ್ ನೌಕಾಂಗಣದಲ್ಲಿ ನಿರ್ಮಾಣವಾದ ಯು-20 ನೌಕೆ 1913ರಲ್ಲಿ ಸೇವೆಗೆ ಸೇರಿತು. ಡೀಸೆಲ್ ಯಂತ್ರಗಳನ್ನು ಅಳವಡಿಸಿದ ಮೊದಲ ಜರ್ಮನ್ ಜಲಾಂತರ್ಗಾಮಿಗಳ ವರ್ಗಕ್ಕೆ ಅದು ಸೇರಿತ್ತು. ಸುಮಾರು 64 ಮೀಟರ್ ಉದ್ದವಿದ್ದ ಈ ನೌಕೆಯಲ್ಲಿ 35ರಷ್ಟು ಸಿಬ್ಬಂದಿ ಇರುತ್ತಿದ್ದರು. ಮುಂಭಾಗದಲ್ಲಿ ಎರಡು ಮತ್ತು ಹಿಂಭಾಗದಲ್ಲಿ ಎರಡು ಟಾರ್ಪಿಡೊ ಕೊಳವೆಗಳಿದ್ದವು. ನೌಕೆ ನೀರಿನ ಮೇಲೆ ಡೀಸೆಲ್ ಬಲದಿಂದಲೂ ನೀರಿನೊಳಗೆ ವಿದ್ಯುತ್ ಕೋಶಗಳ ಬಲದಿಂದಲೂ ಚಲಿಸುತ್ತಿತ್ತು. ಮುಳುಗಿರುವಾಗ ಅದರ ವೇಗ ತೀರ ಕಡಿಮೆ. ಆದ್ದರಿಂದ ವೇಗದ ಹಡಗೊಂದು ತಾನಾಗಿ ಅದರತ್ತ ತಿರುಗಿ ಬಂದರೆ ಮಾತ್ರ ದಾಳಿ ಸಾಧ್ಯವಾಗುತ್ತಿತ್ತು.

1915ರ ಜನವರಿ 30ರಂದು ಶ್ವೀಗರ್ ಫ್ರಾನ್ಸಿನ ಲ ಹಾವ್ರ್ ಬಂದರಿನ ಸಮೀಪ ಟೊಕೊಮಾರು, ಇಕಾರಿಯ ಮತ್ತು ಓರಿಯೋಲ್ ಎಂಬ ಮೂರು ವಾಣಿಜ್ಯ ಹಡಗುಗಳನ್ನು ಎಚ್ಚರಿಕೆ ನೀಡದೆ ಮುಳುಗಿಸಿದ. ಓರಿಯೋಲ್ ಹಡಗು ತನ್ನ ಎಲ್ಲ ಸಿಬ್ಬಂದಿಯೊಂದಿಗೆ ಕಣ್ಮರೆಯಾಯಿತು. ಫೆಬ್ರವರಿ 1ರಂದು ಆಸ್ಟೂರಿಯಾಸ್ ಎಂಬ ಬ್ರಿಟಿಷ್ ಆಸ್ಪತ್ರೆ ಹಡಗಿನ ಮೇಲೆ ಹಾರಿಸಿದ ಟಾರ್ಪಿಡೊ ಗುರಿ ತಪ್ಪಿತು. ಶತ್ರುವಿನ ವಾಣಿಜ್ಯ ಹಡಗನ್ನು ಮೊದಲು ನಿಲ್ಲಿಸಿ, ತಪಾಸಣೆ ಮಾಡಿ, ಅದರಲ್ಲಿರುವವರಿಗೆ ದೋಣಿಗಳನ್ನು ಇಳಿಸಲು ಸಮಯ ಕೊಡಬೇಕೆಂಬುದು ಅಂದಿನ ಸಮುದ್ರಯುದ್ಧದ ನಿಯಮವಾಗಿತ್ತು. ಜರ್ಮನಿ ಫೆಬ್ರವರಿ 4ರಂದು ಬ್ರಿಟಿಷ್ ದ್ವೀಪಗಳ ಸುತ್ತಲಿನ ಸಮುದ್ರವನ್ನು ಯುದ್ಧವಲಯವೆಂದು ಘೋಷಿಸಿತು. ಘೋಷಣೆ ಫೆಬ್ರವರಿ 18ರಿಂದ ಜಾರಿಗೆ ಬಂತು. ಅಲ್ಲಿಂದ ಮುಂದೆ ಆ ನಿಯಮಕ್ಕೆ ಬೆಲೆ ಉಳಿಯಲಿಲ್ಲ.

1915ರ ಮೇ ತಿಂಗಳ ಯಾತ್ರೆ

ಏಪ್ರಿಲ್ 30ರಂದು ಯು-20 ಎಮ್ಡೆನ್ ಬಂದರಿನಿಂದ ಹೊರಟು, ಸ್ಕಾಟ್ಲೆಂಡಿನ ಉತ್ತರವನ್ನು ಸುತ್ತಿ ಐರ್ಲೆಂಡಿನ ದಕ್ಷಿಣಕ್ಕೆ ಬಂತು. ಲಿವರ್‌ಪೂಲ್ ಬಂದರಿನ ದಾರಿಯಲ್ಲಿ ಹಡಗುಗಳಿಗೆ ಹೊಂಚು ಹಾಕುವುದು ಅದರ ಉದ್ದೇಶ. ಮೇ 5ರಂದು ಅರ್ಲ್ ಆಫ್ ಲೇಥಮ್ ಎಂಬ ಚಿಕ್ಕ ಹಾಯಿಹಡಗನ್ನೂ, ಮೇ 6ರಂದು ಕ್ಯಾಂಡಿಡೇಟ್ ಮತ್ತು ಸೆಂಚೂರಿಯನ್ ಎಂಬ ಎರಡು ಉಗಿಹಡಗುಗಳನ್ನೂ ಅದು ಮುಳುಗಿಸಿತು. ದಟ್ಟ ಮಂಜು, ಕಡಿಮೆಯಾಗುತ್ತಿದ್ದ ಇಂಧನ ಮತ್ತು ಕೇವಲ ಮೂರು ಟಾರ್ಪಿಡೊಗಳು ಉಳಿದಿದ್ದುದು, ಈ ಕಾರಣಗಳಿಂದ ಲಿವರ್‌ಪೂಲ್‌ವರೆಗೆ ಹೋಗುವ ಯೋಜನೆಯನ್ನು ಶ್ವೀಗರ್ ಕೈಬಿಟ್ಟ. ಎರಡು ಟಾರ್ಪಿಡೊಗಳನ್ನು ಮರುಪ್ರಯಾಣಕ್ಕೆ ಉಳಿಸಿಕೊಳ್ಳುವುದು ಆತನ ವಾಡಿಕೆಯಾಗಿತ್ತು.

ಮೇ 7ರ ಬೆಳಿಗ್ಗೆ ಮಂಜು ಕರಗಿತು. ಮಧ್ಯಾಹ್ನದ ಸುಮಾರಿಗೆ ಒಂದು ಯುದ್ಧನೌಕೆ ವೇಗವಾಗಿ ಹಾದುಹೋದುದನ್ನು ದಿನಚರಿ ದಾಖಲಿಸುತ್ತದೆ. ಬ್ರಿಟಿಷ್ ದಾಖಲೆಗಳೊಂದಿಗೆ ಹೋಲಿಸಿದಾಗ ಅದು ಕ್ವೀನ್ಸ್‌ಟೌನ್ ಬಂದರಿಗೆ ಹಿಂದಿರುಗುತ್ತಿದ್ದ ಜೂನೊ ಎಂಬ ನೌಕೆಯೆಂದು ತಿಳಿಯುತ್ತದೆ. ಕೆಲ ಹೊತ್ತಿನ ನಂತರ ನಾಲ್ಕು ಹೊಗೆಕೊಳವೆಗಳ ದೊಡ್ಡ ಪ್ರಯಾಣಿಕ ಹಡಗೊಂದು ಕಾಣಿಸಿತು. ಮೊದಲಿಗೆ ಅದು ದಾಳಿಗೆ ಎಟುಕುವಂತಿರಲಿಲ್ಲ. ಆದರೆ ಹಡಗು ಬಲಕ್ಕೆ ತಿರುಗಿ ಯು-20 ನೌಕೆಯ ಮುಂದೆಯೇ ಹಾದುಹೋಗುವ ದಿಕ್ಕನ್ನು ಹಿಡಿಯಿತು.

ಲುಸಿಟಾನಿಯದ ಮುಳುಗಡೆ

ಕ್ಯೂನಾರ್ಡ್ ಕಂಪನಿಯ ಲುಸಿಟಾನಿಯ ಮೇ 1ರಂದು ನ್ಯೂಯಾರ್ಕಿನಿಂದ ಹೊರಟು ಲಿವರ್‌ಪೂಲಿಗೆ ಬರುತ್ತಿತ್ತು. ಪ್ರಯಾಣಿಕರು ಮತ್ತು ಸಿಬ್ಬಂದಿ ಸೇರಿ ಅದರಲ್ಲಿ 1,950ಕ್ಕೂ ಹೆಚ್ಚು ಜನರಿದ್ದರು. ಸರಕಿನಲ್ಲಿ ಸುಮಾರು 42 ಲಕ್ಷ ಬಂದೂಕಿನ ತೋಟಾಗಳೂ, ಸ್ಫೋಟಕ ತುಂಬದ ಫಿರಂಗಿ ಗುಂಡುಗಳ 1,250 ಪೆಟ್ಟಿಗೆಗಳೂ ಇದ್ದವು. ಸುಮಾರು 700 ಮೀಟರ್ ದೂರದಿಂದ ಯು-20 ಹಾರಿಸಿದ ಒಂದು ಟಾರ್ಪಿಡೊ ಹಡಗಿನ ಬಲಬದಿಗೆ, ನಾಯಕನ ಅಟ್ಟಣೆಯ ಸ್ವಲ್ಪ ಹಿಂದೆ ಬಡಿಯಿತು. ಕೂಡಲೇ ಇನ್ನೊಂದು ಭಾರಿ ಸ್ಫೋಟ ಕೇಳಿಸಿತು. ಹಡಗು ಬಲಕ್ಕೆ ಎಷ್ಟು ವಾಲಿತೆಂದರೆ ಎಡಬದಿಯ ರಕ್ಷಣಾ ದೋಣಿಗಳನ್ನು ಇಳಿಸುವುದು ಬಹುತೇಕ ಅಸಾಧ್ಯವಾಯಿತು. 18 ನಿಮಿಷಗಳಲ್ಲಿ ಲುಸಿಟಾನಿಯ ಸಂಪೂರ್ಣ ಮುಳುಗಿತು. ಸತ್ತವರ ಸಂಖ್ಯೆಯನ್ನು ಸಾಮಾನ್ಯವಾಗಿ 1,198 ಎಂದು ಹೇಳಲಾಗುತ್ತದೆ. ಅವರಲ್ಲಿ 128 ಜನ ಅಮೆರಿಕದ ಪ್ರಜೆಗಳು.

ಯು-20 ಯಾರನ್ನೂ ರಕ್ಷಿಸಲು ಪ್ರಯತ್ನಿಸದೆ ಸ್ಥಳದಿಂದ ಹೊರಟು, ಮೇ 13ರಂದು ವಿಲ್ಹೆಲ್ಮ್ಸ್‌ಹಾಫನ್ ಬಂದರನ್ನು ತಲುಪಿತು. ಜರ್ಮನಿಯ ಪತ್ರಿಕೆಗಳಲ್ಲಿ ಹಲವು ಇದನ್ನು ವಿಜಯವೆಂದು ಬಣ್ಣಿಸಿದರೆ, ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಇದು ಹತ್ಯಾಕಾಂಡವೆಂಬ ಆಕ್ರೋಶ ಎದ್ದಿತು. ಅಮೆರಿಕದ ಒತ್ತಡಕ್ಕೆ ಮಣಿದು ಜೂನ್ ತಿಂಗಳಲ್ಲಿ ಜರ್ಮನ್ ಚಕ್ರವರ್ತಿ ದೊಡ್ಡ ಪ್ರಯಾಣಿಕ ಹಡಗುಗಳ ಮೇಲೆ ದಾಳಿ ಮಾಡಬಾರದೆಂದು ಗುಪ್ತ ಆಜ್ಞೆ ಹೊರಡಿಸಿದ.

ಯುದ್ಧ ದಿನಚರಿ ಮತ್ತು ಅದರ ಪರಿಶೀಲನೆ

ಪ್ರತಿಯೊಂದು ಜರ್ಮನ್ ಜಲಾಂತರ್ಗಾಮಿಯ ನಾಯಕನೂ ಯುದ್ಧ ದಿನಚರಿಯನ್ನು ಇಡಬೇಕಾಗಿತ್ತು. ಸಮಯ, ಸ್ಥಾನ, ಹವಾಮಾನ, ಕಂಡ ಹಡಗುಗಳು, ಹಾರಿಸಿದ ಟಾರ್ಪಿಡೊಗಳು ಮತ್ತು ಅವುಗಳ ಫಲ ಇವೆಲ್ಲ ಅದರಲ್ಲಿ ದಾಖಲಾಗುತ್ತಿದ್ದವು. ಸಮುದ್ರದಲ್ಲಿ ಕೈಯಲ್ಲಿ ಬರೆದ ಟಿಪ್ಪಣಿಗಳನ್ನು ಬಂದರಿಗೆ ಬಂದ ಮೇಲೆ ಬೆರಳಚ್ಚು ಮಾಡಿ ಮೇಲಧಿಕಾರಿಗಳಿಗೆ ಒಪ್ಪಿಸಲಾಗುತ್ತಿತ್ತು. 1945ರಲ್ಲಿ ಕೋಬುರ್ಗ್ ಬಳಿಯ ಟಾಂಬಾಕ್ ಕೋಟೆಯಲ್ಲಿ ಜರ್ಮನ್ ನೌಕಾಪಡೆಯ ದಾಖಲೆಗಳು ಮಿತ್ರರಾಷ್ಟ್ರಗಳ ಕೈಸೇರಿದವು. ಅವುಗಳನ್ನು ಲಂಡನ್ನಿಗೆ ಸಾಗಿಸಿ ಮೈಕ್ರೋಫಿಲ್ಮ್ ಮಾಡಲಾಯಿತು. ಮೂಲ ಕಡತಗಳು ನಂತರ ಜರ್ಮನಿಗೆ ಹಿಂದಿರುಗಿ ಈಗ ಫ್ರೈಬುರ್ಗ್ ನಗರದ ಸೇನಾ ದಾಖಲೆಗಾರದಲ್ಲಿವೆ. ಮುಳುಗಿದ ಹಡಗುಗಳ ಸಂಶೋಧನೆಯಲ್ಲಿ ತೊಡಗಿದವರು ಈ ದಿನಚರಿಗಳನ್ನು ಬ್ರಿಟಿಷ್ ದಾಖಲೆಗಳೊಂದಿಗೆ ಹೋಲಿಸಿ ನೋಡುತ್ತಾರೆ.

ಇಂಥ ಹೋಲಿಕೆಯಲ್ಲಿ ಮೊದಲು ಸರಿಪಡಿಸಬೇಕಾದುದು ಗಡಿಯಾರವನ್ನು. ಯು-20 ನೌಕೆಯ ದಿನಚರಿ ದಾಳಿಯ ಸಮಯವನ್ನು 3 ಗಂಟೆ 10 ನಿಮಿಷ ಎನ್ನುತ್ತದೆ. ಬ್ರಿಟಿಷ್ ದಾಖಲೆಗಳಲ್ಲಿ ಅದು 2 ಗಂಟೆ 10 ನಿಮಿಷ. ಜರ್ಮನ್ ಸಮಯ ಗ್ರೀನಿಚ್ ಸಮಯಕ್ಕಿಂತ ಒಂದು ಗಂಟೆ ಮುಂದಿದ್ದುದರಿಂದ ಎರಡೂ ಒಂದೇ ಕ್ಷಣವನ್ನು ಸೂಚಿಸುತ್ತವೆ. ವೇಗದ ವಿಷಯದಲ್ಲಿ ಮಾತ್ರ ನಿಜವಾದ ವ್ಯತ್ಯಾಸವಿದೆ. ಶ್ವೀಗರ್ ಹಡಗಿನ ವೇಗವನ್ನು 22 ನಾಟ್ ಎಂದು ಅಂದಾಜಿಸಿದ್ದ. ವಾಸ್ತವವಾಗಿ ಲುಸಿಟಾನಿಯ ಆಗ 18 ನಾಟ್ ವೇಗದಲ್ಲಿ ಸಾಗುತ್ತಿತ್ತು.

ಅತಿ ದೊಡ್ಡ ಪ್ರಶ್ನೆ ಟಾರ್ಪಿಡೊಗಳ ಸಂಖ್ಯೆಯದು. 1915ರಲ್ಲಿ ಲಾರ್ಡ್ ಮರ್ಸಿಯ ನೇತೃತ್ವದಲ್ಲಿ ನಡೆದ ಬ್ರಿಟಿಷ್ ವಿಚಾರಣೆ ಎರಡು ಟಾರ್ಪಿಡೊಗಳು ಬಡಿದವೆಂದು ತೀರ್ಮಾನಿಸಿತು. 1918ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೂ ಇದೇ ಅಭಿಪ್ರಾಯಕ್ಕೆ ಬಂತು. ದಿನಚರಿಯಾದರೋ ಒಂದನ್ನೇ ಹೇಳುತ್ತದೆ. ಮರಳುವ ದಾರಿಯಲ್ಲಿ ಯು-20 ಕಳುಹಿಸಿದ ನಿಸ್ತಂತು ಸಂದೇಶಗಳನ್ನು ಬ್ರಿಟಿಷ್ ನೌಕಾಪಡೆಯ ಸಂಕೇತಭಂಜಕ ವಿಭಾಗವಾದ ರೂಮ್ 40 ಹಿಡಿದು ಓದಿತ್ತು. ಅವುಗಳಲ್ಲಿಯೂ ಒಂದೇ ಟಾರ್ಪಿಡೊದ ಉಲ್ಲೇಖವಿದೆ. ಈ ಸಂದೇಶಗಳು ದಶಕಗಳ ಕಾಲ ಗುಪ್ತವಾಗಿದ್ದವು. ಎರಡು ಸ್ವತಂತ್ರ ದಾಖಲೆಗಳು ಹೊಂದಿಕೊಂಡುದರಿಂದ ಇಂದು ಇತಿಹಾಸಕಾರರು ಒಂದು ಟಾರ್ಪಿಡೊ ಎಂಬುದನ್ನೇ ಒಪ್ಪುತ್ತಾರೆ. ಎರಡನೆಯ ಸ್ಫೋಟಕ್ಕೆ ಉಗಿಯಂತ್ರದ ಬಾಯ್ಲರ್, ಕಲ್ಲಿದ್ದಲಿನ ಧೂಳು ಅಥವಾ ಮದ್ದುಗುಂಡುಗಳು ಕಾರಣವಿರಬಹುದೆಂಬ ವಾದಗಳಿದ್ದು, ಆ ಪ್ರಶ್ನೆ ಇನ್ನೂ ಬಗೆಹರಿದಿಲ್ಲ.

ದಿನಚರಿಯ ಎಲ್ಲ ಭಾಗಗಳೂ ಸಮಾನವಾಗಿ ನಂಬಲರ್ಹವಲ್ಲ. ಉಳಿದಿರುವುದು ಬೆರಳಚ್ಚಿನ ಪ್ರತಿ ಮಾತ್ರ. ಉಳಿದ ದಿನಗಳ ಬರಹದ ಕೆಳಗೆ ನಾಯಕನ ಸಹಿಯಿದ್ದು, ಮೇ 7ರ ಬರಹಕ್ಕೆ ಸಹಿಯಿಲ್ಲವೆಂಬುದನ್ನು ಸಂಶೋಧಕರು ಗಮನಿಸಿದ್ದಾರೆ. ಟಾರ್ಪಿಡೊ ಬಡಿದ ಮೇಲಷ್ಟೇ ಹಡಗಿನ ಹೆಸರು ತಿಳಿಯಿತೆಂದೂ, ಜೀವ ಉಳಿಸಿಕೊಳ್ಳಲು ಹೆಣಗುತ್ತಿದ್ದ ಜನರ ಗುಂಪಿನ ಮೇಲೆ ಎರಡನೆಯ ಟಾರ್ಪಿಡೊ ಹಾರಿಸಲು ಮನಸ್ಸಾಗಲಿಲ್ಲವೆಂದೂ ಅದರಲ್ಲಿದೆ. ಆ ದಿನದ ಬರಹ ಉಳಿದ ಪುಟಗಳಂತೆ ಚುಟುಕಾಗಿರದೆ ವಿವರಣೆಯ ಧಾಟಿಯಲ್ಲಿದೆ. ಜಗತ್ತಿನ ಖಂಡನೆ ಕೇಳಿಬಂದ ಮೇಲೆ ಈ ಭಾಗವನ್ನು ತಿದ್ದಿರಬಹುದೆಂಬ ಸಂದೇಹ ಹುಟ್ಟಲು ಇವು ಕಾರಣ. ತಿದ್ದಿದ್ದಾರೆ ಎಂಬುದಕ್ಕೆ ನೇರ ಸಾಕ್ಷ್ಯ ದೊರೆತಿಲ್ಲ. ಹೀಗಾಗಿ ಸಮಯ, ದೂರ ಮತ್ತು ಟಾರ್ಪಿಡೊ ಸಂಖ್ಯೆಗೆ ದಿನಚರಿ ಆಧಾರವಾದರೂ, ನಾಯಕನ ಮನಸ್ಸಿನಲ್ಲಿ ಏನಿತ್ತೆಂಬುದಕ್ಕೆ ಅದನ್ನೇ ಪೂರ್ಣ ಪ್ರಮಾಣವಾಗಿ ಸ್ವೀಕರಿಸಲಾಗುವುದಿಲ್ಲ.

ನಂತರದ ದಾಳಿಗಳು

1915ರ ಸೆಪ್ಟೆಂಬರ್ 4ರಂದು ಶ್ವೀಗರ್ ಐರ್ಲೆಂಡಿನ ನೈಋತ್ಯದಲ್ಲಿ ಹೆಸ್ಪೀರಿಯನ್ ಎಂಬ ಪ್ರಯಾಣಿಕ ಹಡಗಿಗೆ ಟಾರ್ಪಿಡೊ ಹೊಡೆದ. ಅದು ಎರಡು ದಿನಗಳ ನಂತರ ಮುಳುಗಿತು. 32 ಜನ ಸತ್ತರು. ಲುಸಿಟಾನಿಯ ದುರಂತದಲ್ಲಿ ಮಡಿದ ಮಹಿಳೆಯೊಬ್ಬರ ಶವವನ್ನು ಅದೇ ಹಡಗಿನಲ್ಲಿ ಕೆನಡಾಕ್ಕೆ ಒಯ್ಯಲಾಗುತ್ತಿತ್ತು. ಪ್ರಯಾಣಿಕ ಹಡಗುಗಳನ್ನು ಎಚ್ಚರಿಕೆಯಿಲ್ಲದೆ ಮುಳುಗಿಸುವುದಿಲ್ಲವೆಂದು ಜರ್ಮನಿ ಅಮೆರಿಕಕ್ಕೆ ಭರವಸೆ ಕೊಟ್ಟ ಕೆಲವೇ ದಿನಗಳಲ್ಲಿ ಇದು ನಡೆದುದರಿಂದ ಶ್ವೀಗರ್ ಬರ್ಲಿನ್ನಿಗೆ ಹೋಗಿ ವಿವರಣೆ ಕೊಡಬೇಕಾಯಿತು. 1916ರ ಮೇ 8ರಂದು, ಲುಸಿಟಾನಿಯ ಮುಳುಗಿದ ಒಂದು ವರ್ಷ ಮತ್ತು ಒಂದು ದಿನಕ್ಕೆ, ಸಿಮ್ರಿಕ್ ಎಂಬ ದೊಡ್ಡ ಹಡಗನ್ನು ಈತ ಮುಳುಗಿಸಿದ.

ಯು-20 ನೌಕೆಯ ಅಂತ್ಯ

1916ರ ನವೆಂಬರ್ 4ರಂದು ಯು-20 ಡೆನ್ಮಾರ್ಕಿನ ಪಶ್ಚಿಮ ತೀರದ ವ್ರಿಸ್ಟ್ ಬಳಿ ಮರಳದಿಣ್ಣೆಗೆ ಸಿಕ್ಕಿಕೊಂಡಿತು. ಜೊತೆಯಲ್ಲಿದ್ದ ಯು-30 ಕೂಡ ನೆಲಕ್ಕೆ ತಗುಲಿದರೂ ಬಿಡಿಸಿಕೊಂಡಿತು. ಎಳೆದು ತೆಗೆಯುವ ಪ್ರಯತ್ನಗಳು ವಿಫಲವಾದಾಗ, ಮರುದಿನ ಸಿಬ್ಬಂದಿಯೇ ನೌಕೆಯನ್ನು ಸ್ಫೋಟಿಸಿ ಕೆಡಿಸಿದರು. ಈ ರಕ್ಷಣಾ ಕಾರ್ಯಕ್ಕೆ ಕಾವಲಾಗಿ ಬಂದಿದ್ದ ಗ್ರೋಸರ್ ಕುರ್‌ಫ್ಯೂರ್‌ಸ್ಟ್ ಮತ್ತು ಕ್ರೋನ್‌ಪ್ರಿಂಟ್ಸ್ ಎಂಬ ಎರಡು ಜರ್ಮನ್ ಮಹಾನೌಕೆಗಳಿಗೆ ಬ್ರಿಟಿಷ್ ಜಲಾಂತರ್ಗಾಮಿ ಜೆ-1 ಟಾರ್ಪಿಡೊ ಹೊಡೆದು ಹಾನಿ ಮಾಡಿತು. ಒಂದು ಜಲಾಂತರ್ಗಾಮಿಗಾಗಿ ಮಹಾನೌಕೆಗಳನ್ನು ಅಪಾಯಕ್ಕೆ ಒಡ್ಡಿದ್ದಕ್ಕೆ ಚಕ್ರವರ್ತಿ ಅಸಮಾಧಾನ ವ್ಯಕ್ತಪಡಿಸಿದ. ಯು-20 ನೌಕೆಯ ಅವಶೇಷಗಳನ್ನು ಡೆನ್ಮಾರ್ಕಿನ ನೌಕಾಪಡೆ 1925ರಲ್ಲಿ ಮತ್ತೆ ಸ್ಫೋಟಿಸಿತು. ಅದರ ಮೇಲ್ಗೋಪುರ ಈಗ ಥೋರ್ಸ್‌ಮಿಂಡೆಯ ವಸ್ತುಸಂಗ್ರಹಾಲಯದಲ್ಲಿದೆ.

ಯು-88 ಮತ್ತು ಸಾವು

1917ರಲ್ಲಿ ಶ್ವೀಗರ್ ಹೊಸ ನೌಕೆಯಾದ ಯು-88ರ ನಾಯಕನಾದ. ಅದೇ ವರ್ಷ ಫೆಬ್ರವರಿ 1ರಿಂದ ಜರ್ಮನಿ ನಿರ್ಬಂಧವಿಲ್ಲದ ಜಲಾಂತರ್ಗಾಮಿ ಯುದ್ಧವನ್ನು ಮತ್ತೆ ಆರಂಭಿಸಿತ್ತು. ಏಪ್ರಿಲ್ 6ರಂದು ಅಮೆರಿಕ ಯುದ್ಧಕ್ಕೆ ಇಳಿಯಿತು. ಜುಲೈ 30ರಂದು ಶ್ವೀಗರ್‌ಗೆ ಪುರ್ ಲ ಮೆರೀತ್ ಎಂಬ ಉನ್ನತ ಸೇನಾ ಪದಕ ದೊರೆಯಿತು. ಸೆಪ್ಟೆಂಬರ್ 5ರಂದು ಯು-88 ಹಾಲೆಂಡಿನ ಟೆರ್‌ಸ್ಖೆಲಿಂಗ್ ದ್ವೀಪದ ಉತ್ತರಕ್ಕೆ ಬ್ರಿಟಿಷರು ನೀರಿನಲ್ಲಿ ಹುದುಗಿಸಿದ್ದ ಸ್ಫೋಟಕಕ್ಕೆ ತಗುಲಿ ಎಲ್ಲ ಸಿಬ್ಬಂದಿಯೊಂದಿಗೆ ಮುಳುಗಿತು. ಆಗ ಶ್ವೀಗರನ ವಯಸ್ಸು 32.

ಈ ಸಾವಿನ ವಿವರವೂ ದಾಖಲೆಗಳ ಹೋಲಿಕೆಯಿಂದಲೇ ಸ್ಪಷ್ಟವಾಯಿತು. ವಾಣಿಜ್ಯ ಹಡಗಿನ ವೇಷದಲ್ಲಿದ್ದ ಸ್ಟೋನ್‌ಕ್ರಾಪ್ ಎಂಬ ಬ್ರಿಟಿಷ್ ಯುದ್ಧನೌಕೆ ಸೆಪ್ಟೆಂಬರ್ 17ರಂದು ಯು-88 ನೌಕೆಯನ್ನು ಮುಳುಗಿಸಿತೆಂದು ಬಹುಕಾಲ ನಂಬಲಾಗಿತ್ತು. ಆದರೆ ಸೆಪ್ಟೆಂಬರ್ 5ರಂದು ಯು-88ರ ಜೊತೆಯಲ್ಲೇ ಸಾಗುತ್ತಿದ್ದ ಯು-54 ನೌಕೆ ಸ್ಫೋಟವನ್ನು ಕೇಳಿ ವರದಿ ಮಾಡಿತ್ತು. ಅನಂತರ ಯು-88ರಿಂದ ಯಾವ ಸುದ್ದಿಯೂ ಬರಲಿಲ್ಲ. ಸ್ಟೋನ್‌ಕ್ರಾಪ್ ದಾಳಿ ಮಾಡಿದ ದಿನಕ್ಕೆ ಶ್ವೀಗರ್ ಸತ್ತು ಹನ್ನೆರಡು ದಿನಗಳಾಗಿದ್ದವು.

ಮೌಲ್ಯಮಾಪನ

ಸಹೋದ್ಯೋಗಿಗಳ ನೆನಪುಗಳಲ್ಲಿ ಶ್ವೀಗರ್ ಸಿಬ್ಬಂದಿಯೊಂದಿಗೆ ಸ್ನೇಹದಿಂದಿದ್ದ, ಹಾಸ್ಯಪ್ರಿಯನಾದ ಅಧಿಕಾರಿ. ಬ್ರಿಟನ್ ಮತ್ತು ಅಮೆರಿಕಗಳ ಯುದ್ಧಕಾಲದ ಪ್ರಚಾರದಲ್ಲಿ ಈತ ಕ್ರೂರಿ. ಎಚ್ಚರಿಕೆಯಿಲ್ಲದೆ ದಾಳಿ ಮಾಡುವ ನೀತಿಯನ್ನು ರೂಪಿಸಿದವನು ಈತನಲ್ಲ. ಆದರೆ ಓರಿಯೋಲ್‌ನಿಂದ ಹೆಸ್ಪೀರಿಯನ್‌ವರೆಗಿನ ದಾಳಿಗಳು, ಆ ನೀತಿ ಘೋಷಣೆಯಾಗುವ ಮೊದಲೂ ಅದನ್ನು ಬಿಗಿಗೊಳಿಸಿದ ಮೇಲೂ ಈತ ಅದೇ ರೀತಿ ನಡೆದುಕೊಂಡನೆಂದು ತೋರಿಸುತ್ತವೆ. ಲುಸಿಟಾನಿಯದ ಮುಳುಗಡೆ ಅಮೆರಿಕವನ್ನು ತಕ್ಷಣ ಯುದ್ಧಕ್ಕೆ ಎಳೆಯಲಿಲ್ಲ. ಆದರೂ ಅಲ್ಲಿನ ಜನಾಭಿಪ್ರಾಯ ಜರ್ಮನಿಯ ವಿರುದ್ಧ ತಿರುಗಲು ಅದು ಬಹುಮುಖ್ಯ ಕಾರಣವಾಯಿತು. ಬೆರಳಚ್ಚಿನಲ್ಲಿ ಉಳಿದಿರುವ ಈತನ ದಿನಚರಿ ಇಂದಿಗೂ ಆ ಘಟನೆಯ ಅಧ್ಯಯನಕ್ಕೆ ಮೊದಲ ಆಕರವಾಗಿದೆ.