ಪಿಯಾನೋ ಕಲಿತ ಮಹಾರಾಜ

ಕಳವಾರದ ಶಾಲೆಯಲ್ಲಿ ಅಭ್ಯಾಸ ಬೋಧನೆಗೆಂದು ಒಂಬತ್ತನೇ ತರಗತಿಯ ‘ಶಬ್ದ’ ಪಾಠ ತೆಗೆದುಕೊಂಡಿದ್ದೆ. ಆವೃತ್ತಿ, ಪಾರ ಎಂಬ ಪದಗಳಿಗೆ ಜೀವ ತುಂಬುವ ಉದಾಹರಣೆ ಹುಡುಕುವಾಗ ಸಿಕ್ಕವರು ಜಯಚಾಮರಾಜ ಒಡೆಯರ್. ನಮ್ಮ ಚಿಕ್ಕಬಳ್ಳಾಪುರವೂ ಅವರ ಮೈಸೂರು ಸಂಸ್ಥಾನದಲ್ಲೇ ಇತ್ತು. ಸಮಾಜ ವಿಜ್ಞಾನದಲ್ಲಿ ಅವರನ್ನು ಕೊನೆಯ ಮಹಾರಾಜ, ರಾಜ್ಯಪಾಲ ಎಂದು ಓದಿದ್ದೆ. ಸಂಗೀತ ವಿದ್ಯಾರ್ಥಿಯಾಗಿ ಅವರನ್ನು ಕಂಡದ್ದು ಈಗಲೇ.

ಹುಟ್ಟಿದ್ದು 1919ರಲ್ಲಿ. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರ ಜೊತೆಗೆ ಪಾಶ್ಚಾತ್ಯ ವಾದ್ಯವೃಂದವೂ ಇತ್ತು. ಜರ್ಮನಿಯ ಆಟೋ ಷ್ಮಿಟ್ ಅದನ್ನು ನಡೆಸುತ್ತಿದ್ದರು. ಹತ್ತಾರು ವಾದ್ಯಗಳು ಕೂಡಿ ನುಡಿಯುವುದನ್ನು ಕಿವಿಯಾರೆ ಕೇಳಿ, ಆಮೇಲೆ ಅದರ ಚರಿತ್ರೆ ಓದುವ ಅನುಕೂಲ ಎಷ್ಟು ಮಕ್ಕಳಿಗುಂಟು? ನಮ್ಮ ಶಾಲೆಗಳಲ್ಲಿ ಕವಾಯತಿನ ಡ್ರಮ್ ಇದ್ದರೆ ಅದೇ ಹೆಚ್ಚು.

ಪಿಯಾನೋ ವಾದಕನಾಗಬೇಕೆಂಬುದು ಅವರ ಆಸೆ. 1940ರಲ್ಲಿ ಮೊದಲು ತಂದೆ, ಕೆಲವೇ ತಿಂಗಳಲ್ಲಿ ದೊಡ್ಡಪ್ಪ ತೀರಿಕೊಂಡರು. ಇಪ್ಪತ್ತೊಂದರ ಹರೆಯದಲ್ಲಿ ಸಿಂಹಾಸನ ಬಂತು, ವೇದಿಕೆ ಕೈತಪ್ಪಿತು. ಅವರು ಕಲಿಕೆಯನ್ನು ಮಾತ್ರ ಬಿಡಲಿಲ್ಲ. ಲಂಡನ್ನಿನ ಗಿಲ್ಡ್‌ಹಾಲ್, ಟ್ರಿನಿಟಿ ಸಂಗೀತ ಸಂಸ್ಥೆಗಳ ಮನ್ನಣೆ ಪಡೆದರು. ಪಾಶ್ಚಾತ್ಯ ಸಂಗೀತದಲ್ಲಿ ಪಳಗಿದ ಮೇಲೆ ಮೈಸೂರು ವಾಸುದೇವಾಚಾರ್ಯರಿಂದ ಕರ್ನಾಟಕ ಸಂಗೀತ ಕಲಿತು, ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಒಂದು ಪದ್ಧತಿ ಕಲಿತರೆ ಇನ್ನೊಂದು ಕೆಡುತ್ತದೆ ಎನ್ನುವವರಿಗೆ ನಾನು ಈ ಸಂಖ್ಯೆಯನ್ನೇ ತೋರಿಸುತ್ತೇನೆ.

ನನ್ನನ್ನು ಹೆಚ್ಚು ತಟ್ಟಿದ್ದು ನಿಕೊಲಾಯ್ ಮೆಟ್ನರ್ ವಿಷಯ. ಈ ರಷ್ಯನ್ ಸಂಗೀತಗಾರ ಲಂಡನ್ನಿನಲ್ಲಿ ಮುಪ್ಪು, ಹೃದ್ರೋಗ, ಹಣದ ಮುಗ್ಗಟ್ಟಿನಲ್ಲಿದ್ದರು. ಅವರ ರಚನೆಗಳನ್ನು ಅವರ ಕೈಯಲ್ಲೇ ನುಡಿಸಿ ಧ್ವನಿಮುದ್ರಿಸಲು ಮಹಾರಾಜರು ಹಣ ಒದಗಿಸಿದರು. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕಾನ್ಚೆರ್ಟೊವನ್ನು ಅವರಿಗೆ ಅರ್ಪಿಸಿದರು, 1951ರಲ್ಲಿ ತೀರಿಕೊಂಡರು. ಇಂದು ಅವರ ಚರಿತ್ರೆ ಓದುವವರು ಅವರ ವಾದನವನ್ನೂ ಕೇಳಬಹುದು. ಹಣವಿದ್ದವರೆಲ್ಲ ಇದನ್ನು ಮಾಡಲಿಲ್ಲ. ಆ ಸಂಗೀತದ ಬೆಲೆ ತಿಳಿಯಲು ಅದನ್ನು ಕಲಿತ ಕಿವಿಯೇ ಬೇಕಿತ್ತು.

1948ರಲ್ಲಿ ಅವರು ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಛೇರಿ ಸಂಘದ ಮೊದಲ ಅಧ್ಯಕ್ಷರಾದರು. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಹಿಂದಿನ ವರ್ಷ ತೀರಿಕೊಂಡಿದ್ದ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳ ಮೊದಲ ಕಛೇರಿ ನಡೆಯಿತು. ಖರ್ಚಿಗೆ ಜಾಮೀನು ನಿಂತ ಮಹಾರಾಜರಿಗೇ ಅಲ್ಲಿರಲು ಆಗಲಿಲ್ಲ. ಕಛೇರಿಯನ್ನು ತಟ್ಟೆಗಳಲ್ಲಿ ಮುದ್ರಿಸಿ, ಮೈಸೂರಿಗೆ ಕಳಿಸಿದರು.