ಆಳ ಅರಿತವನೇ ಅಂಬಿಗ



ಗುತ್ತಲದಿಂದ ತುಂಗಭದ್ರೆಯತ್ತ ಸಾಗಿದರೆ ಚೌಡದಾನಪುರ. ಹೊಳೆಯ ದಂಡೆಯಲ್ಲಿ ಮುಕ್ತೇಶ್ವರನ ದೇವಾಲಯ. ಗುತ್ತಲದ ಗುತ್ತ ಅರಸರ ಕಾಲದ ಶಾಸನಗಳು ಅಲ್ಲಿವೆ. ಮೊದಲು ಶಿವಪುರವೆನಿಸಿದ್ದ ಊರಿಗೆ ನಿಜಶರಣ ಅಂಬಿಗರ ಚೌಡಯ್ಯನವರಿಂದ ಈ ಹೆಸರು ಬಂದಿತೆಂಬುದು ಹಿರಿಯರ ನಂಬಿಕೆ.

12ನೆಯ ಶತಮಾನದ ಚೌಡಯ್ಯನವರು ದೋಣಿ ನಡೆಸುವ ಕಾಯಕದವರು. ಬಸವಾದಿ ಶರಣರ ಗಣಕ್ಕೆ ಸೇರಿದವರು. ಪ್ರತ್ಯಕ್ಷ, ಅನುಮಾನ, ಶಬ್ದವೆಂದು ಪಂಡಿತರು ಅರಿವಿನ ಪ್ರಮಾಣಗಳನ್ನು ಎಣಿಸುತ್ತಾರೆ. ಅಂಬಿಗನ ಕಾಯಕದಲ್ಲಿ ಈ ಮೂರೂ ಇವೆ. ಮಡು ಎಲ್ಲಿದೆಯೆಂದು ಹಿರಿಯರು ಹೇಳಿದ್ದು ಶಬ್ದ. ನೀರು ಸುಳಿಯುವ ಬಗೆ ಕಂಡು ಅಡಿಯಲ್ಲಿ ಬಂಡೆಯಿದೆಯೆಂದು ತಿಳಿಯುವುದು ಅನುಮಾನ. ಗಳ ಇಳಿಸಿ ಆಳ ನೋಡುವುದು ಪ್ರತ್ಯಕ್ಷ. ಮಹಾಪೂರ ಬಂದು ಹೋದ ಮೇಲೆ ಹೊಳೆಯ ತಳವೇ ಬದಲಾಗುತ್ತದೆ. ಅಜ್ಜ ಹೇಳಿದ್ದು ಅಂದಿಗೆ ನಿಜ. ಇಂದು ಗಳ ಇಳಿಸಿಯೇ ನೋಡಬೇಕು. ತಪ್ಪಿದರೆ ಮುಳುಗುವವನು ಅಂಬಿಗನೊಬ್ಬನೇ ಅಲ್ಲ, ಅವನನ್ನು ನಂಬಿ ಕುಳಿತವರೆಲ್ಲರೂ.

ಚೌಡಯ್ಯನವರ ವಚನಗಳಲ್ಲಿ ಇದೇ ಎಚ್ಚರವಿದೆ. ಹೆಚ್ಚಿನ ಶರಣರು ಇಷ್ಟದೈವದ ಹೆಸರನ್ನು ಅಂಕಿತವಾಗಿರಿಸಿಕೊಂಡರೆ, ಅವರು ತಮ್ಮ ಹೆಸರನ್ನೇ ಇರಿಸಿದರು. ಆಡಿದ ಮಾತಿಗೆ ಆಡಿದವನೇ ಹೊಣೆಯೆಂಬ ನಿಷ್ಠೆ ಅದರಲ್ಲಿ ನಮಗೆ ಕಾಣುತ್ತದೆ. ತೋರಿಕೆಗೆ ಲಿಂಗ ಧರಿಸಿದವರನ್ನು ಅವರು ಬಿಡಲಿಲ್ಲ. ಅರಿವಿಲ್ಲದೆ ಗುರುವೆನಿಸಿಕೊಂಡವರನ್ನಂತೂ ಬಿಡಲೇ ಇಲ್ಲ. ಪೀಠದ ಮೇಲೆ ಕುಳಿತ ನಮಗೂ ಆ ಏಟು ತಾಗುತ್ತದೆ, ತಾಗಲೇಬೇಕು. ಭಕ್ತರು ಪಾದಕ್ಕೆರಗಿದಾಗ ನಾವು ಹೇಳುವುದು ಓದಿದ್ದೋ, ಕೇಳಿದ್ದೋ, ಬಾಳಿ ಕಂಡದ್ದೋ? ಈ ಪ್ರಶ್ನೆಯನ್ನು ನಮಗೆ ನಾವೇ ಹಾಕಿಕೊಳ್ಳದಿದ್ದರೆ ಕಾವಿಯ ಭಾರವಷ್ಟೇ ಉಳಿದೀತು.

ಹಾಗೆಂದು ನಂಬಿಕೆ ಬೇಡವೇ? ಬೇಕು. ದಡ ಬಿಡುವವನಿಗೆ ನಂಬಿಕೆಯೇ ಮೊದಲು. ಆದರೆ ಬ್ಯಾಡಗಿ ಸೀಮೆಯ ರೈತ ಅಂಗಡಿಯವನನ್ನು ನಂಬಿ ಬೀಜ ತಂದರೂ, ನಾಲ್ಕು ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ನೋಡುತ್ತಾನೆ. ಅದು ಅಪನಂಬಿಕೆಯಲ್ಲ; ಭೂಮಿತಾಯಿಗೆ ತೋರುವ ಗೌರವ. ನಂಬಿಕೆ ಬೀಜ, ಅರಿವು ಮೊಳಕೆ, ಆಚಾರವೇ ಫಲ. ಮೊಳೆಯದ ಬೀಜವನ್ನು ಎಷ್ಟು ದಿನ ಪೂಜಿಸಿದರೂ ಹೊಲ ಹಸಿರಾಗದು.

ಪ್ರತಿವರ್ಷ ಜನವರಿ 21ರಂದು ನಾಡು ಚೌಡಯ್ಯನವರ ಜಯಂತಿಯನ್ನು ಆಚರಿಸುತ್ತದೆ. ಮಾಲೆ ಹಾಕಿ ಕೈಮುಗಿಯಿರಿ. ಅಂದು ರಾತ್ರಿ ಮಲಗುವ ಮುನ್ನ, ಇನ್ನೊಬ್ಬರ ಬಗ್ಗೆ ಕೇಳಿ ನಂಬಿದ ಒಂದು ಮಾತನ್ನಾದರೂ ಗಳ ಇಳಿಸಿ ಅಳೆದು ನೋಡಿರಿ. ಅದೇ ಆ ಶರಣರಿಗೆ ಸಲ್ಲುವ ಪೂಜೆ.

ಸರ್ವರಿಗೂ ಸನ್ಮಂಗಳವಾಗಲಿ.